ಮೂವತ್ಮೂರನೆಯ ಬಾಗಿಲು

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠದಲ್ಲಿ ಒಬ್ಬರು ಗುರುಗಳು, ನಿರುಪಾದಜ್ಜ. ಅವರಿಗೊಬ್ಬ ಶಿಷ್ಯ, ಅಡಿವೆಯ್ಯ.

ಹೊಳೆ ಅಂದರೆ ಸಣ್ಣದಲ್ಲ. ಈ ದಂಡೆಯಲ್ಲಿ ಗಡ್ಡ ಬೋಳಿಸಿಕೊಂಡು ದೋಣಿ ಹತ್ತಿದವನು ಆ ದಂಡೆಯಲ್ಲಿ ಇಳಿಯುವಾಗ ಮತ್ತೆ ಕತ್ತಿ ಹುಡುಕಬೇಕು. ನಾನು ಅದನ್ನು ಮೂರು ಸಲ ಈಜಿ ದಾಟಿದವನು, ಅದೂ ಮಳೆಗಾಲದಲ್ಲಿ. ಇರಲಿ, ಇದು ನನ್ನ ಕಥೆಯಲ್ಲ. ಅಡಿವೆಯ್ಯನದು.

ಅಡಿವೆಯ್ಯ ದಿನಾ ಬೆಳಿಗ್ಗೆ ಹೆಗಲಿಗೆ ಜೋಳಿಗೆ ಹಾಕಿ, ಕೈಯಲ್ಲಿ ಗಂಟೆ ಹಿಡಿದು, ಊರಿನ ಉದ್ದ ಓಣಿಯಲ್ಲಿ ಭಿಕ್ಷೆಗೆ ಹೋಗುತ್ತಿದ್ದ. ಹನ್ನೊಂದು ವರ್ಷ ಹೋದ. ಒಂದು ದಿನವೂ ತಪ್ಪಿಸಲಿಲ್ಲ. ಅವನ ಗಂಟೆ ಕೇಳಿಸದೆ ಊರಿನ ಎಮ್ಮೆಗಳು ಹಾಲಿಳಿಸುತ್ತಿರಲಿಲ್ಲ.

ಓಣಿಯ ಕೊನೆ ಮುಟ್ಟಿದ ಮೇಲೆ ಹೊಳೆಗೆ ಇಳಿದು, ದಂಡೆಯ ಹಾದಿ ಹಿಡಿದು ಮಠಕ್ಕೆ ಬರುತ್ತಿದ್ದ. ಅಲ್ಲಿಂದ ಆಚೆ ದಂಡೆಯ ಮಠ ಕಾಣುತ್ತಿತ್ತು. ಬೆಳ್ಳಗೆ, ಹೆಬ್ಬೆರಳಷ್ಟು. ಹನ್ನೊಂದು ವರ್ಷ ಅದನ್ನೂ ದಿನಾ ನೋಡಿದ.

ಒಂದು ಸಂಜೆ ಗುರುಗಳು ಕರೆದರು.

"ಅಡಿವೆಯ್ಯ, ಆಚೆ ಮಠಕ್ಕ ಸ್ವಾಮಿ ಇಲ್ಲ. ಅಲ್ಲಿಯವರು ಒಬ್ಬರನ್ನ ಕೊಡ್ರಿ ಅಂತ ಕೇಳ್ಯಾರ. ಹುಣ್ಣಿವಿ ದಿನ ದೋಣಿ ತರ್ತಾರ."

ಅಡಿವೆಯ್ಯ ಹೊಳೆಯ ಆಚೆ ನೋಡಿದ.

"ನನ್ನ ಕಳಸ್ತೀರೇನ್ರಿ ಅಜ್ಜಾರ?"

ಗುರುಗಳು ಮೂಲೆಗೆ ಕೈ ತೋರಿಸಿದರು. ಅಲ್ಲಿ ಬೆಳ್ಳಿ ಕಟ್ಟಿದ ಬೆತ್ತ ಒರಗಿತ್ತು. ಆ ಬೆತ್ತ ಹಿಡಿದವನೇ ಆಚೆ ಮಠದ ಸ್ವಾಮಿ.

"ನಿನ್ನ ಮಾತು ಕೇಳಿ ಅಲ್ಲಿ ನೂರು ಮಂದಿ ನಡೀತಾರ. ಅದಕ್ಕ ಮೊದಲ ನೀ ದಿನಾ ನಡಿಯೂ ದಾರಿ ನನಗ ಹೇಳು. ಬಿಡದಂಗ ಹೇಳಿದ್ರ ಬೆತ್ತ ನಿಂದು."

ಅಡಿವೆಯ್ಯನಿಗೆ ನಗು ಬಂತು.

"ಅಷ್ಟ ಏನ್ರಿ? ಆ ದಾರಿ ಕಣ್ಣ ಮುಚ್ಚಿ ಹೇಳ್ತೀನ್ರಿ."

"ಮುಚ್ಚೇ ಹೇಳು."

ಅಡಿವೆಯ್ಯ ಕಣ್ಣು ಮುಚ್ಚಿದ.

"ಮಠದ ಮೆಟ್ಟಿಲಾ ಇಳಿದ್ರ ಊರ ಅಗಸಿ. ಅಗಸಿ ಒಳಗ ಬಡಿಗೇರ ಮನಿ, ಉಳಿ ಸಪ್ಪಳ. ಮುಂದ ಎಂಟು ಮನಿ, ಆಮ್ಯಾಲೆ ಹನುಮಪ್ಪನ ಗುಡಿ. ಗುಡಿ ಮಗ್ಗಲಕ ಗಾಣ. ಅದರ ಕಿರ್‌ ಅನ್ನೂ ಸಪ್ಪಳ ಕೇಳಿದ್ರ ಹತ್ತು ಬಾಗ್ಲಾ ಮುಗಿದಂಗ. ಮುಂದ ಸೇದು ಬಾವಿ. ಬಾವಿ ದಾಟಿದ್ರ ದೊಡ್ಡ ಬೇವಿನ ಗಿಡ, ಕಟ್ಟಿ. ಅಲ್ಲಿ ಎಡಗಡೆಯಿಂದ ಬಲಗಡೆಗೆ ದಾಟತೀನಿ. ಮುಂದ ಕುಂಬಾರರ ಮನಿಗೋಳು. ಕಡೀಕ ಹೊಳಿ. ಒಟ್ಟು ಮೂವತ್ತೆರಡು ಬಾಗ್ಲಾ ರೀ."

"ಮೂವತ್ಮೂರು," ಅಂದರು ಗುರುಗಳು.

ಅಡಿವೆಯ್ಯ ಕಣ್ಣು ತೆರೆದ.

"ಮೂವತ್ತೆರಡ್ರಿ ಅಜ್ಜಾರ."

"ನಿನಗಿಂತ ಮೊದಲ ಆ ಓಣಿಯೊಳಗ ಇಪ್ಪತ್ತು ವರ್ಷ ಗಂಟಿ ಬಾರಿಸಿದಾವ ನಾ."

"ಅದು ಬಿದ್ದ ಮನಿ ಇರಬೇಕ್ರಿ."

"ಹೊಗಿ ಬರ್ತೈತಿ."

"ಯಾರ ಮನಿ ರೀ ಅದು?"

"ನಾ ಹೇಳಿದ್ರ ಅದು ನನ್ನ ದಾರಿ ಆತು. ನಾ ಕೇಳಿದ್ದು ನಿಂದು."

ಹುಣ್ಣಿಮೆಗೆ ನಾಲ್ಕು ದಿನ ಇತ್ತು.

ಮರುದಿನ ಅಡಿವೆಯ್ಯ ಪ್ರತಿ ಬಾಗಿಲಿಗೂ ಒಂದೊಂದು ಬೆರಳು ಮಡಚುತ್ತ ಹೋದ. ಬಡಿಗೇರರ ಮನೆಯಲ್ಲಿ ಜೋಳ ಹಾಕಿದರು. ಗುಡಿಯ ಹತ್ತಿರ ನಿಂತ. ಹನುಮಪ್ಪನಿಗೆ ಯಾರೋ ಬೆಳ್ಳಿಯ ಕಣ್ಣು ಮಾಡಿಸಿದ್ದರು.

"ಇವು ಯಾವಾಗ ಬಂದವ್ರಿ?" ಪೂಜಾರಿಯನ್ನು ಕೇಳಿದ.

"ಹೋದ ವರ್ಷದ ಹಿಂದಿನ ವರ್ಷ. ಆವಾಗಿಂದ ನಿಮ್ಮನ್ನ ದಿನಾ ನೋಡಾಕತ್ತಾನ ಹನುಮಪ್ಪ. ನೀವು ಈಗ ನೋಡಿದ್ರಿ."

ಮುಂದೆ ಗಾಣದ ಮನೆ. ಬಾಗಿಲಲ್ಲಿ ಗಾಣದ ಮುದುಕಿ ಕೂತಿದ್ದಳು. ಅಡಿವೆಯ್ಯ ಕಿವಿಗೊಟ್ಟ. ಕಿರ್ ಅನ್ನುವ ಸಪ್ಪಳ ಇರಲಿಲ್ಲ.

"ಯಾಕವ್ವಾ, ಇವತ್ತ ಗಾಣ ಹೂಡಿಲ್ಲೇನು?"

ಮುದುಕಿ ಅವನ ಮುಖವನ್ನೇ ನೋಡಿದಳು.

"ಎತ್ತು ಸತ್ತು ನಾಕು ವರ್ಷ ಆತಲ್ರಿ ಅಯ್ಯನೋರ. ಅವತ್ತ ನಾ ಅಳಕೋತನ ನಿಮಗ ನೀಡಿದ್ದೆ."

ಅಡಿವೆಯ್ಯ ಮುಂದಕ್ಕೆ ಹೋದ. ಮುಂದಿನ ಬಾಗಿಲುಗಳನ್ನು ಎಣಿಸಿದ. ಬೇವಿನ ಹತ್ತಿರ ಬಲಕ್ಕೆ ದಾಟಿದ. ಹೊಳೆ ಮುಟ್ಟುವಾಗ ಲೆಕ್ಕ ಮೂವತ್ತೆರಡೇ ಇತ್ತು.

"ಮೂವತ್ತೆರಡ್ರಿ," ಅಂದ ಗುರುಗಳಿಗೆ. "ಆದರ ಗಾಣ ನಿಂತೈತ್ರಿ."

"ಯಾವಾಗ?"

"ನಾಕು ವರ್ಷ ಆತಂತ."

"ನಿನ್ನಿ ಸಂಜಿಕ ನಿನಗ ಕೇಳಸ್ತಿತ್ತು."

ಅಡಿವೆಯ್ಯ ತಲೆ ತಗ್ಗಿಸಿದ.

"ನಾಳೆ ಗಂಟಿ ಬ್ಯಾಡ," ಅಂದರು ಗುರುಗಳು. "ಜೋಳಿಗಿ ಬ್ಯಾಡ. ಕಾವಿನೂ ಬ್ಯಾಡ. ಬರೇ ಅಡಿವೆಯ್ಯನ್ನ ಕಳಿಸು."

ಮರುದಿನ ಅಡಿವೆಯ್ಯ ಬಿಳಿ ಧೋತರ ಉಟ್ಟು, ತಲೆಗೊಂದು ಟವಲು ಸುತ್ತಿ ಓಣಿಗೆ ಬಂದ. ಒಬ್ಬರಾದರೂ ಅವನಿಗೆ ಕೈ ಮುಗಿಯಲಿಲ್ಲ. ಹನ್ನೊಂದು ವರ್ಷ ಜೋಳಿಗೆಗೆ ನೀಡಿದ ಹೆಣ್ಣುಮಕ್ಕಳು ಅವನ ಪಕ್ಕದಲ್ಲೇ ಕೊಡ ಹೊತ್ತು ಹೋದರು. ಜನ ಕಾವಿ ನೋಡಿರುತ್ತಾರೆ, ಗಂಟೆ ಕೇಳಿರುತ್ತಾರೆ. ಮುಖ ಯಾರು ನೋಡಿರುತ್ತಾರೆ?

ಬೇವಿನ ಕಟ್ಟೆಯ ಮೇಲೆ ಹೋಗಿ ಕೂತ.

ಆ ಬೇವು ಎಂಥದ್ದೆಂದರೆ, ಅದರ ಬೊಡ್ಡೆ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಎಲೆ ಅಡಿಕೆ ಒಮ್ಮೆ ಬಾಯಲ್ಲಿ ಮುಗಿಯುತ್ತದೆ. ನಾನು ಹಾಕಿ ನೋಡಿದ್ದೇನೆ. ಅದರ ಹಿಂದೆ ಮನೆ ಇದ್ದರೂ ಈ ಕಡೆಯಿಂದ ಕಾಣುವ ಹಾಗಿಲ್ಲ.

ಕಟ್ಟೆಯ ಮೇಲೆ ಯಮನಪ್ಪ ಅನ್ನುವ ಮುದುಕ ಕಂಬಳಿ ಹೊದ್ದು ಕೂತಿದ್ದ.

"ಯಾವೂರಾತು ತಮ್ಮಾ?"

"ಇಲ್ಲೇ, ಮಠದ ಕಡೆ."

"ಹಂಗಾರ ನಿಮ್ಮ ಅಯ್ಯನೋರಿಗೆ ಹೇಳು. ಇವತ್ತ ಗಂಟಿ ಬರಲಿಲ್ಲ, ನಮ್ಮ ಸೊಸಿ ಇನ್ನೂ ರೊಟ್ಟಿಗೆ ಕೂತಿಲ್ಲ. ಗಂಟಿ ಆಗಿಲ್ಲಲ್ರಿ ಮಾವ ಅಂತಾಳ. ನನ್ನ ಹೊಟ್ಟಿ ಗಂಟಿ ಹೊಡದು ಹೊತ್ತಾತು."

ಅಡಿವೆಯ್ಯ ನಕ್ಕ. ಹಾಗೇ ದಾರಿ ನೋಡುತ್ತ ಕೂತ.

ಒಬ್ಬಳು ನೀರು ಹೊತ್ತು ಬಂದಳು. ಓಣಿಯ ಎಡಗಡೆಯಲ್ಲೇ ಬಂದವಳು ಬೇವಿನ ಹತ್ತಿರ ಬಲಕ್ಕೆ ದಾಟಿದಳು.

ಚಕ್ಕಡಿ ಬಂತು. ಹೊಡೆಯುವವನು ಹಗ್ಗ ಎಳೆಯಲಿಲ್ಲ. ಎತ್ತುಗಳು ತಾವಾಗಿಯೇ ಬಲಕ್ಕೆ ದಾಟಿದವು.

ಆಡಿನ ಹಿಂಡು ಬಂತು. ದಾಟಿತು. ಹೊಸ ಮದುಮಗಳನ್ನು ಕರೆದುಕೊಂಡು ನಾಲ್ಕು ಮಂದಿ ಬಂದರು. ಆಕೆ ಈ ಊರಿಗೆ ಬಂದು ಇನ್ನೂ ವಾರವಾಗಿಲ್ಲ. ಅವಳೂ ದಾಟಿದಳು. ಇರುವೆಯ ಸಾಲು ಕೂಡ ಅಲ್ಲಿ ಸೊಟ್ಟಗಿತ್ತು. ನಾನು ಹೇಳುವುದರಲ್ಲಿ ಅರ್ಧ ಕಳೆದರೂ, ಆ ಓಣಿ ಅಲ್ಲಿ ಬಳೆಯ ತುಂಡಿನ ಹಾಗೆ ಬಾಗಿ ಸವೆದಿತ್ತು ಅನ್ನುವುದು ಉಳಿಯುತ್ತದೆ.

"ಯಜಮಾನ್ರ, ಎಲ್ಲಾರೂ ಇಲ್ಲಿ ಯಾಕ ದಾಟ್ತಾರ?"

"ಅಯ್ಯನೋರು ದಾಟ್ತಾರ. ನಾವೂ ದಾಟ್ತೀವಿ."

"ಅಯ್ಯನೋರು ಯಾಕ ದಾಟ್ತಾರ?"

"ಏನರ ಇರಬೇಕು. ಸುಮ್ಮಸುಮ್ಮನ ದಾಟ್ತಾರೇನು ಅಂಥವರು?"

"ಕೇಳೀರೇನು ಅವರನ್ನ?"

"ಗಂಟಿ ಹಿಡದವರನ್ನ ನಿಂದರಿಸಿ ಕೇಳಾಕ ಬರ್ತೈತೇನೋ ತಮ್ಮಾ?"

"ಈ ಬೇವಿನ ಹಿಂದ ಏನೈತ್ರಿ?"

ಯಮನಪ್ಪ ಕಂಬಳಿ ಎಳೆದುಕೊಂಡ.

"ಅದನ್ನ ಯಾಕ ಎತ್ತತೀ? ನಮ್ಮ ಮನಿ ಹುಡುಗರಿಗೆ ಆ ಕಡೆ ಹಾಯಬ್ಯಾಡ್ರಿ ಅಂತ ಹೇಳೇವಿ."

ಅಡಿವೆಯ್ಯ ಎದ್ದ. ಬೇವಿನ ಹಿಂದೆ ಹೋಗಿ ನೋಡಬೇಕು ಅಂದುಕೊಂಡ. ಎರಡು ಹೆಜ್ಜೆ ಇಟ್ಟ. ಕಾಲು ಬಲಕ್ಕೆ ದಾಟಿಬಿಟ್ಟವು.

ಮಠಕ್ಕೆ ಬಂದು ಗುರುಗಳ ಮುಂದೆ ಕೂತ.

"ಏನ ನೋಡಿದಿ?"

"ಇಡೀ ಊರು ಒಂದ ಕಡೆ ದಾಟ್ತೈತ್ರಿ ಅಜ್ಜಾರ. ನಾ ದಾಟ್ತೀನಂತ ದಾಟ್ತೈತಿ."

"ನೀ ಯಾಕ ದಾಟಿದಿ?"

"ನೆನಪಿಲ್ರಿ."

"ಬೇವಿನ ಹಿಂದ ನೋಡಿದೇನು?"

"ಕಾಲು ಹೋಗಲಿಲ್ರಿ."

ಗುರುಗಳು ಹೊಳೆ ನೋಡುತ್ತ ಕೂತಿದ್ದರು.

"ಹೋಗೂ ಕಾಲಿಗೆ ನೆನಪಿರೂದಿಲ್ಲ. ನಾಳೆ ಬರೂ ಕಾಲನ್ನ ಕೇಳು."

ಅಡಿವೆಯ್ಯನಿಗೆ ಅದು ತಿಳಿಯಲು ಬೆಳಗಾಗಬೇಕಾಯಿತು. ಹನ್ನೊಂದು ವರ್ಷದಲ್ಲಿ ಅವನು ಓಣಿಯಲ್ಲಿ ಹೋಗಿದ್ದೇ ಹೋಗಿದ್ದು. ಓಣಿಯಲ್ಲಿ ಬಂದಿರಲೇ ಇಲ್ಲ.

ಅವತ್ತು ಅದೇ ಬಿಳಿ ಧೋತರದಲ್ಲಿ ದಂಡೆಯ ಹಾದಿ ಹಿಡಿದು ಓಣಿಯ ಆ ತುದಿಗೆ ಹೋದ. ಹೊಳೆಗೆ ಬೆನ್ನು ಮಾಡಿ ಓಣಿ ಹೊಕ್ಕ.

ಅದು ಬೇರೆ ಊರಿನ ಹಾಗಿತ್ತು. ಎಡಗಡೆ ಇದ್ದದ್ದು ಬಲಕ್ಕೆ ಬಂದಿತ್ತು. ಕುಂಬಾರರ ಮನೆಗಳಿಗೆ ಹಿಂದೊಂದು ಮಾಳಿಗೆ ಇತ್ತು, ಅದರ ಮೇಲೆ ಬಾಳಕದ ಮೆಣಸಿನಕಾಯಿ ಒಣಗುತ್ತಿದ್ದವು. ಒಂದು ಗೋಡೆಯ ಮೇಲೆ ಯಾವ ಕಾಲದಲ್ಲೋ ಯಾರೋ ಸುಣ್ಣದಲ್ಲಿ ಆನೆ ಬರೆದಿದ್ದರು. ಹೋಗುವವನಿಗೆ ಅದು ಬೆನ್ನ ಹಿಂದೆ. ಬರುವವನಿಗೆ ಎದುರಿಗೆ.

ಹುರಿದ ವಾಸನೆ ಬಂತು. ಅದು ದಿನಾ ಬರುತ್ತಿದ್ದದ್ದೇ. ಬೇರೆ ಓಣಿಯದು ಅಂದುಕೊಂಡಿದ್ದ.

ಬೇವು ಕಂಡಿತು. ಬೇವಿನ ಈಚೆ, ನೆಟ್ಟಗೆ ಎದುರಿಗೆ, ಒಂದು ಬಾಗಿಲು.

ಬಾಗಿಲ ಮುಂದೆ ಚುರುಮುರಿ ಭಟ್ಟಿ ಉರಿಯುತ್ತಿತ್ತು. ಒಬ್ಬ ಹೆಣ್ಣುಮಗಳು ಕಾದ ಮರಳಿನಲ್ಲಿ ಅಕ್ಕಿ ಹಾಕಿ ಕಡ್ಡಿಯ ಕಟ್ಟಿನಿಂದ ತಿರುವುತ್ತಿದ್ದಳು. ಅಕ್ಕಿ ಅರಳಿ ಪಾತ್ರೆ ತುಂಬುತ್ತಿತ್ತು. ನಲವತ್ತರ ಹತ್ತಿರದ ವಯಸ್ಸು. ಹೊಗೆಗೆ ಕಣ್ಣು ಕೆಂಪಾಗಿದ್ದವು.

ಅಡಿವೆಯ್ಯ ನಿಂತದ್ದು ನೋಡಿ ಅವಳೇ ಮಾತಾಡಿಸಿದಳು.

"ಬಿಸಿ ಅದಾವ್ರಿ ಯಣ್ಣಾ, ಒಂದು ಹಿಡಿ ತಿಂದು ಹೋಗ್ರಿ. ಹೊರಗಿನವರು ಇದ್ದಂಗ ಅದೀರಿ. ನಿಮಗೇನೂ ಆಗೂದಿಲ್ಲ."

"ಒಳಗಿನವರಿಗೆ ಏನಾಗ್ತೈತಿ ಯವ್ವಾ?"

"ಏನಾಗ್ತೈತೋ. ಆದವರು ಯಾರೂ ಇಲ್ಲ. ತಿಂದ್ರಲ್ಲ ಆಗೂದು." ಜರಡಿ ಆಡಿಸಿ ಮರಳು ಕೆಳಗೆ ಬಿಟ್ಟು, ಒಂದು ಹಿಡಿ ಅವನ ಟವಲಿನ ಸೆರಗಿಗೆ ಹಾಕಿದಳು. "ನಮ್ಮ ಓಣಿ ಮಂದಿಗೆ ವಾಸನಿ ಬೇಕು, ಚುರುಮುರಿ ಬ್ಯಾಡ. ನಮ್ಮ ಮನಿಯವರು ಚೀಲ ಹೊತ್ತು ಮೂರು ಊರು ದಾಟಿ ಸಂತಿಗೆ ಹೋಗ್ತಾರ."

"ಮಂದಿ ಯಾಕ ಬರೂದಿಲ್ಲ?"

"ಅಯ್ಯನೋರು ಬರೂದಿಲ್ಲ. ಅದಕ್ಕ."

ಅಡಿವೆಯ್ಯ ಕುಳಿತ.

ಅವಳ ಹೆಸರು ಬಾಳವ್ವ. ಮರಳು ತಿರುವುತ್ತಲೇ ಹೇಳಿದಳು. ಅಳುವುದೆಲ್ಲ ಎಂದೋ ಮುಗಿಸಿದವಳ ದನಿ.

"ನನ್ನ ಮಗಳು ತೀರಿಕೊಂಡ್ಲು. ಮೂರು ವರ್ಷದ ಕೂಸು. ಮೂರನೇ ದಿನ ಹೊಸ ಅಯ್ಯನೋರು ಬಂದ್ರು. ಎಳೇ ವಯಸ್ಸು, ಓಣಿಗೂ ಹೊಸಬರು. ಬಾಗಿಲದಾಗ ಗಂಟಿ ಬಾರಿಸಿದ್ರು. ಸೂತಕದ ಮನಿ, ಒಲಿ ಹಚ್ಚಿಲ್ಲ. ಹತ್ತು ದಿನ ನೀಡಾಕ ಬರೂದಿಲ್ಲ. ಹೊಸ್ತಿಲದಾಗ ನಿಂತು ಇಲ್ಲ ಅನ್ನಬಾರದಲ್ರಿ? ಮತ್ತೊಂದಿನ ಬರ್ರಿ ಅನ್ನೂ ಅರ್ಥಕ್ಕ ಮುಂದಕ್ಕ ಹೋಗ್ರಿ ಅಂದೆ."

"ಹೋದ್ರೇನು?"

"ಹೋದ್ರು. ಇನ್ನೂ ಹೋಗಾಕತ್ತಾರ."

ಭಟ್ಟಿಗೆ ಒಂದು ಕಟ್ಟಿಗೆ ಸರಿಸಿದಳು.

"ಹನ್ನೊಂದನೇ ದಿನ ತಲಿಮ್ಯಾಗ ನೀರು ಹಾಕ್ಕೊಂಡು, ಮನಿ ಸಾರಿಸಿ, ಮೊರದ ತುಂಬ ಚುರುಮುರಿ ಹಿಡಕೊಂಡು ಬಾಗಿಲದಾಗ ನಿಂತೆ. ಗಂಟಿ ಬೇವಿನ ತನಕ ಬಂತು. ಆ ಕಡೆ ದಾಟಿತು. ಸೂತಕ ಇನ್ನೂ ಹರದಿಲ್ಲ ಅಂತ ಅವರಿಗೆ ಕಂಡಿರಬೇಕು ಅಂತ ಮತ್ತ ಹತ್ತು ದಿನ ಹಿಡದೆ."

"ಆಮ್ಯಾಲೆ?"

"ಮತ್ತ ಹತ್ತು. ದಿನಾ ಮೊರ ಹಿಡಕೊಂಡು ನಿಂತೇ ನಿಂತೆ. ಮೊರಕ್ಕ ಹುಳ ಬಿತ್ತು. ಆಮ್ಯಾಲೆ ಬಿಟ್ಟೆ. ಊರಾಗ ಯಾರಿಗೂ ಈಗ ಕೂಸಿನ ನೆನಪಿಲ್ಲ. ಸೂತಕ ಅಷ್ಟ ನೆನಪೈತಿ."

ಅಡಿವೆಯ್ಯನಿಗೆ ಈಗ ನೆನಪಾಯಿತು. ಗಂಟೆ ಹಿಡಿದ ಮೊದಲ ವಾರ. ನೆತ್ತಿ ಸುಡುವ ಬಿಸಿಲು. ಎಲ್ಲ ಬಾಗಿಲಲ್ಲೂ ಕೈ ಮುಗಿದು ನೀಡಿದ್ದರು. ಈ ಬಾಗಿಲು ಅರ್ಧ ಮಾತ್ರ ತೆರೆಯಿತು. ಒಳಗಿನ ಕತ್ತಲಿನಿಂದ ಎರಡು ಮಾತು ಬಂದವು. ಕಾವಿ ಉಟ್ಟವನಿಗೆ ಹೀಗೆ ಅನ್ನುತ್ತಾರಲ್ಲ ಅಂತ ಸಿಟ್ಟು ಬಂದಿತ್ತು. ಮರುದಿನ ಈ ಮನೆ ಬರುವ ಮೊದಲೇ ಬಲಕ್ಕೆ ದಾಟಿದ್ದ. ಅದರ ಮರುದಿನವೂ. ಸಿಟ್ಟು ಒಂದು ತಿಂಗಳಿಗೆ ಹೋಯಿತು. ದಾಟುವುದು ಉಳಿಯಿತು.

ಚುರುಮುರಿ ಬಾಯಿಗೆ ಹಾಕಿಕೊಂಡ. ಅಗಿಯದೆ ಹಾಗೇ ಕೂತ.

"ಉಪ್ಪು ಕಡಿಮಿ ಆತೇನ್ರಿ ಯಣ್ಣಾ?"

"ಸರಿ ಐತಿ ಯವ್ವಾ."

ನಾನೇ ಆ ಅಯ್ಯ ಅನ್ನಲು ಬಾಯಿ ತೆರೆದ. ಮಾತು ಬರಲಿಲ್ಲ. ಎದ್ದು ಬಂದ.

ಗುರುಗಳು ಮೆಟ್ಟಿಲ ಮೇಲೆ ಕೂತಿದ್ದರು.

"ಮೂವತ್ಮೂರ್ರಿ ಅಜ್ಜಾರ."

"ಯಾರ ಮನಿ?"

"ಬಾಳವ್ವನ ಮನಿ."

ಎಲ್ಲ ಹೇಳಿದ. ಹೇಳಿ ಮುಗಿಸಿ, ಸಣ್ಣ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದ.

"ನೀವ ಹೇಳಿದ್ರಿ. ಗಂಟಿ ಕೊಟ್ಟ ದಿನ. ಮುಂದಕ್ಕ ಹೋಗ್ರಿ ಅಂದ್ರ ಎದುರು ಮಾತಾಡದ ಮುಂದಕ್ಕ ಹೋಗು ಅಂತ."

"ಹೇಳಿದ್ದೆ," ಅಂದರು ಗುರುಗಳು. "ಮರುದಿನ ತಿರುಗಿ ಬಾ ಅಂತ ಹೇಳಲಿಲ್ಲ. ಅದೇನು ಹೇಳೂ ಮಾತು ಅಂತ ಬಿಟ್ಟಿದ್ದೆ."

ಅಡಿವೆಯ್ಯ ಕೆಳಗಿನ ಮೆಟ್ಟಿಲಲ್ಲಿ ಕೂತ.

"ಹನ್ನೊಂದು ವರ್ಷದಿಂದ ಜೋಳಿಗಿಯೊಳಗ ಚುರುಮುರಿ ಬಂದಿಲ್ಲ," ಅಂದರು ಗುರುಗಳು. "ಭಟ್ಟಿ ಮುಚ್ಚಿರಬೇಕು ಅಂದುಕೊಂಡು ನಾನೂ ಇಲ್ಲೇ ಕೂತಿದ್ದೆ. ಹೋದ ವಾರ ಗಾಳಿ ತಿರುಗಿತು. ವಾಸನಿ ಬಂತು."

"ಹಂಗಾರ ನಿಮಗ ಗೊತ್ತಿತ್ತು."

"ವಾಸನಿ ಗೊತ್ತಿತ್ತು. ಬಾಗ್ಲಾ ನೀ ನೋಡಿ ಬಂದಿ."

ಅಡಿವೆಯ್ಯ ಹೊಳೆಯ ಕಡೆ ನೋಡಿದ. ಆಚೆ ಮಠ ಬೆಳ್ಳಗೆ ಕಾಣುತ್ತಿತ್ತು.

"ಆಕಿ ಕೊಟ್ಟಿದ್ದು ತಿಂದು ಬಂದೀನ್ರಿ. ಈಗ ಸರಿ ಆತಲ್ರಿ?"

"ತಿಂದಾವ ಯಾರು?"

"ನಾನ್ರಿ."

"ನೀ ತಿಂದ್ರೇನಾತು? ಆಕಿ ಮನಿಗೆ ಸೂತಕ ಹಚ್ಚಿದ್ದು ಗಂಟಿ."

ಹುಣ್ಣಿಮೆಯ ಬೆಳಿಗ್ಗೆ ಅಡಿವೆಯ್ಯ ಕಾವಿ ಉಟ್ಟ. ಜೋಳಿಗೆ ಹಾಕಿಕೊಂಡ. ಗಂಟೆ ಹಿಡಿದ.

ಮಧ್ಯಾಹ್ನಕ್ಕೆ ದೋಣಿ ಬರುವುದಿತ್ತು.

ಬಡಿಗೇರರ ಮನೆಯಲ್ಲಿ ನೀಡಿದವಳ ಮುಖ ನೋಡಿದ. ಹನುಮಪ್ಪನ ಕಣ್ಣು ನೋಡಿದ. ಗಾಣದ ಮುದುಕಿಯ ಹತ್ತಿರ ಸತ್ತ ಎತ್ತಿನ ಹೆಸರು ಕೇಳಿದ. ಬಸ್ಯಾ ಅಂದಳು. ಬಾವಿ ದಾಟಿ ಬೇವಿನ ಹತ್ತಿರ ಬಂದ.

ಕಾಲು ಬಲಕ್ಕೆ ಹೊರಟವು.

ಅಡಿವೆಯ್ಯ ನಿಂತ. ಆಳು ಎತ್ತಿ ಇಡುವ ಕಲ್ಲಿನ ಹಾಗೆ ಎಡಗಾಲು ಎತ್ತಿ ಎಡಕ್ಕೆ ಇಟ್ಟ. ಅದರ ಪಕ್ಕಕ್ಕೆ ಬಲಗಾಲು ತಂದ. ನಾನು ಒಮ್ಮೆ ಹೂತ ಚಕ್ಕಡಿಯನ್ನು ಒಬ್ಬನೇ ಕೆಸರಿನಿಂದ ಎತ್ತಿದ್ದೇನೆ. ಅವನ ಆ ನಾಲ್ಕು ಹೆಜ್ಜೆ ಅದಕ್ಕಿಂತ ಭಾರ ಇದ್ದವು ಅಂತ ಒಪ್ಪಿಕೊಳ್ಳುತ್ತೇನೆ.

ಕಟ್ಟೆಯ ಮೇಲಿನ ಯಮನಪ್ಪ ಎದ್ದು ನಿಂತ. ನೀರು ಹೊತ್ತವರು ಕೊಡ ಇಳಿಸಿದರು.

ಅಡಿವೆಯ್ಯ ಬೇವಿನ ಹಿಂದೆ ಹೋಗಿ, ಆ ಬಾಗಿಲ ಮುಂದೆ ಮೂರು ಸಲ ಗಂಟೆ ಬಾರಿಸಿದ.

"ಭಿಕ್ಷಾಂದೇಹಿ."

ಭಟ್ಟಿ ತಣ್ಣಗಿತ್ತು. ಅವತ್ತು ಸಂತೆ. ಬಾಳವ್ವನ ಗಂಡ ಫಕೀರಪ್ಪ ಇದ್ದಬದ್ದ ಚುರುಮುರಿಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬೆಳಕು ಹರಿಯುವಾಗಲೇ ಹೋಗಿದ್ದ.

ಬಾಗಿಲು ತೆರೆಯಿತು. ಬಾಳವ್ವ ಗಂಟೆ ನೋಡಿದಳು. ಕಾವಿ ನೋಡಿದಳು. ಆಮೇಲೆ ಮುಖ ನೋಡಿದಳು. ನಿನ್ನೆಯ ಮುಖ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನೀವ ಏನ್ರಿ?"

"ನಾನ ಯವ್ವಾ."

"ನಿನ್ನಿ ಹೇಳಲಿಲ್ಲ."

"ಬಾಯಿ ಬರಲಿಲ್ಲ."

ಬಾಳವ್ವ ಒಳಗೆ ಹೋದಳು. ಡಬ್ಬಿ ಸರಿಸಿದ್ದು, ಮುಚ್ಚಳ ತೆಗೆದದ್ದು ಹೊರಗೆ ಕೇಳಿಸಿತು. ಬಹಳ ಹೊತ್ತಾಯಿತು. ಬರಿಗೈಯಲ್ಲಿ ಬಂದು ಹೊಸ್ತಿಲ ಮೇಲೆ ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಹನ್ನೊಂದು ವರ್ಷದ ಹಿಂದೆ ಕತ್ತಲಿನಲ್ಲಿ ನಿಂತು ಹೇಳಿದ್ದನ್ನು ಈಗ ಬೆಳಕಿನಲ್ಲಿ ನಿಂತು, ಅವನ ಕಣ್ಣು ನೋಡುತ್ತ ಹೇಳಿದಳು.

"ಮುಂದಕ್ಕ ಹೋಗ್ರಿ ಅಯ್ಯನೋರ."

ಓಣಿಯಲ್ಲಿ ಯಾರೋ ಉಸಿರು ಬಿಟ್ಟರು.

ಅಡಿವೆಯ್ಯ ತಲೆ ಬಾಗಿಸಿದ.

"ಹೋಗಿ ಬರ್ತೀನಿ ಯವ್ವಾ."

"ಯಾವಾಗ ಬರ್ತೀರಿ?"

"ನಾಳೆ."

"ನೋಡತೀನಿ," ಅಂದಳು ಬಾಳವ್ವ. ಬಾಗಿಲು ಹಾಕಲಿಲ್ಲ.

ಅಡಿವೆಯ್ಯ ದಾಟದೆ ಎಡಗಡೆಯಲ್ಲೇ ನೆಟ್ಟಗೆ ಮುಂದಕ್ಕೆ ಹೋದ. ಅವನ ಹಿಂದೆ ಒಂದು ಆಡು ನೆಟ್ಟಗೆ ಬಂತು. ಅವತ್ತು ಆಡು ಒಂದೇ. ಜನಕ್ಕೆ ಇನ್ನೂ ದಿನ ಬೇಕಿತ್ತು.

ಮಠ ಮುಟ್ಟುವಾಗ ದೋಣಿ ಬಂದಿತ್ತು. ಅದರ ಮೂತಿಗೆ ಚೆಂಡುಹೂವಿನ ಹಾರ ಕಟ್ಟಿದ್ದರು. ಆಚೆ ಊರಿನ ಹಿರಿಯ ರಾಚಪ್ಪ ಗೌಡ ಐದಾರು ಮಂದಿಯ ಜೊತೆ ಮೆಟ್ಟಿಲ ಮೇಲೆ ಕೂತಿದ್ದ.

ಗುರುಗಳು ಬೆತ್ತವನ್ನು ಮಡಿಲ ಮೇಲೆ ಇಟ್ಟುಕೊಂಡಿದ್ದರು.

"ಎಷ್ಟು ಬಾಗ್ಲಾ, ಅಡಿವೆಯ್ಯ?"

"ಮೂವತ್ಮೂರ್ರಿ."

"ದಾರಿ ಸರಿ ಹೇಳಿದಿ. ಬೆತ್ತ ತಗೋ."

ಅಡಿವೆಯ್ಯ ಬೆತ್ತ ನೋಡಿದ. ದೋಣಿ ನೋಡಿದ. ದೋಣಿಯ ಆಚೆಗೆ ಹೆಬ್ಬೆರಳಷ್ಟು ಬೆಳ್ಳಗಿದ್ದದ್ದನ್ನು ನೋಡಿದ. ಕೈ ಮುಂದೆ ಬರಲಿಲ್ಲ.

"ತಗೊಳ್ಳಾಕ ಬರೂದಿಲ್ರಿ ಅಜ್ಜಾರ."

"ಯಾಕ? ಮೂವತ್ಮೂರನೇ ಬಾಗಿಲದಾಗ ಏನ ಹಾಕಿದ್ರು?"

"ಮುಂದಕ್ಕ ಹೋಗ್ರಿ ಅಂದ್ಲು."

"ಮತ್ತ?"

"ನಾಳೆ ಹೋಗಬೇಕ್ರಿ."

"ನಾಳೆ ಆಕಿ ನೀಡಿದ್ರ?"

"ನಾಡಿದ್ದೂ ಹೋಗಬೇಕ್ರಿ. ಓಣಿ ಅಲ್ಲಿ ಸೊಟ್ಟ ಐತಿ. ಸೊಟ್ಟ ಮಾಡಿದಾವ ನಾ. ಅದು ನೆಟ್ಟಗಾಗೂ ತನಕ ನಡೀಬೇಕ್ರಿ."

ಗುರುಗಳು ಬೆತ್ತ ಹಿಡಿದು ಎದ್ದರು.

ರಾಚಪ್ಪ ಗೌಡನಿಗೆ ತಡೆಯಲಾಗಲಿಲ್ಲ.

"ಏನ್ರಿ ಅಜ್ಜಾರ ಇದು? ನಾವು ಹಾರ ಕಟ್ಟಿ ದೋಣಿ ತಂದೀವಿ. ಆ ದಂಡಿಯೊಳಗ ಊರೆಲ್ಲ ನಿಂತೈತಿ. ಬರೇ ದೋಣಿ ಒಯ್ದು ಅವರಿಗೆ ಏನಂತ ಹೇಳೂನು? ನಮಗೇನ ಹೇಳ್ತೀರಿ ನೀವು?"

"ಮುಂದಕ್ಕ ಹೋಗ್ರಿ ಗೌಡ್ರ," ಅಂದರು ಗುರುಗಳು.

ಗೌಡನ ಮುಖ ಇಳಿಯಿತು. ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದ.

"ಇಲ್ಲ ಅಂದಂಗ ಆತಲ್ರಿ."

ಗುರುಗಳು ಬೆತ್ತವನ್ನು ಒಯ್ದು, ಮೊದಲು ಇದ್ದ ಮೂಲೆಯಲ್ಲೇ, ಕೈಗೆ ಸಿಗುವ ಹಾಗೆ ಒರಗಿಸಿದರು.

"ಇಲ್ಲ ಅಂದೆನೇನ್ರಿ ನಾ? ಮುಂದಕ್ಕ ಹೋಗ್ರಿ ಅಂದೆ."